ವೇಲ್ಯಾಂಡ್‌ಗೆ ಬದಲಾಗುವ ಮುನ್ನ ನಿಮ್ಮ ಕೆಲಸದ ಮೇಲೇ ಅದನ್ನು ಪರೀಕ್ಷಿಸುವ ಬಗೆ

ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 24.04ರ ಲಾಗಿನ್ ಪರದೆಯಲ್ಲಿ ನಿಮ್ಮ ಹೆಸರನ್ನು ಒತ್ತಿ, ಪಾಸ್‌ವರ್ಡ್ ಕೊಡುವ ಮೊದಲು ಬಲಗಡೆಯ ಕೆಳಮೂಲೆಯನ್ನು ನೋಡಿದರೆ ಹಲ್ಲುಚಕ್ರದ ಒಂದು ಸಣ್ಣ ಗುರುತು ಕಾಣುತ್ತದೆ. ಅದನ್ನು ಒತ್ತಿದರೆ ಸಾಮಾನ್ಯವಾಗಿ ‘ಉಬುಂಟು’ ಮತ್ತು ‘ಉಬುಂಟು ಆನ್ ಎಕ್ಸ್‌ಆರ್ಗ್’ ಎಂಬ ಎರಡು ಆಯ್ಕೆಗಳಿರುತ್ತವೆ. ಮೊದಲನೆಯದು ವೇಲ್ಯಾಂಡ್, ಎರಡನೆಯದು 1987ರಿಂದ ನಡೆದುಬಂದಿರುವ ಎಕ್ಸ್11 (ಚಿಕ್ಕದಾಗಿ ಎಕ್ಸ್; ಎಕ್ಸ್‌ಆರ್ಗ್ ಅದನ್ನು ನಡೆಸುವ ಸರ್ವರ್). ಪರದೆಯ ಮೇಲೆ ವಿಂಡೋಗಳನ್ನು ಬಿಡಿಸುವುದು, ಕೀಲಿಮಣೆಯ ಒತ್ತನ್ನು ಸರಿಯಾದ ವಿಂಡೋಗೆ ತಲುಪಿಸುವುದು, ಮೌಸಿನ ಚಲನೆಯನ್ನು ಗಮನಿಸುವುದು ಇವೆಲ್ಲ ಈ ಎರಡರಲ್ಲಿ ಒಂದರ ಹೊಣೆ. ಬಹಳ ಮಂದಿ ಈ ಹಲ್ಲುಚಕ್ರವನ್ನು ಒಮ್ಮೆಯೂ ಒತ್ತಿರುವುದಿಲ್ಲ. ಆದ್ದರಿಂದ ತಾವು ಯಾವುದರಲ್ಲಿ ಕೆಲಸ ಮಾಡುತ್ತಿದ್ದೇವೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ.

ಮೊದಲು ಅದನ್ನು ತಿಳಿದುಕೊಳ್ಳಿ. ಉಬುಂಟುವಿನ ಮಾಮೂಲಿ ಡೆಸ್ಕ್‌ಟಾಪ್ ಆದ ಗ್ನೋಮ್ ಬಳಸುವವರು ಸೆಟಿಂಗ್ಸ್‌ನಲ್ಲಿ ‘ಅಬೌಟ್’ ವಿಭಾಗದ ‘ಸಿಸ್ಟಮ್ ಡೀಟೇಲ್ಸ್’ ತೆರೆದರೆ ‘ವಿಂಡೋಯಿಂಗ್ ಸಿಸ್ಟಮ್’ ಎಂಬ ಸಾಲಿನ ಎದುರು ಉತ್ತರವಿರುತ್ತದೆ. ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇ ಪ್ಲಾಸ್ಮಾದಲ್ಲಿ ‘ಅಬೌಟ್ ದಿಸ್ ಸಿಸ್ಟಮ್’ ಪುಟದಲ್ಲಿ ‘ಗ್ರಾಫಿಕ್ಸ್ ಪ್ಲಾಟ್‌ಫಾರ್ಮ್’ ಎಂಬ ಸಾಲನ್ನು ನೋಡಬೇಕು. ‘ವೇಲ್ಯಾಂಡ್ ಇನ್ನೂ ಕಚ್ಚಾ, ನನಗೆ ಬೇಡ’ ಎಂದು ವಾದಿಸುತ್ತಿದ್ದ ಸಹೋದ್ಯೋಗಿಯೊಬ್ಬರು ಈ ಸಾಲನ್ನು ತೆರೆದು ನೋಡಿದಾಗ ತಾವು ಎರಡು ವರ್ಷದಿಂದ ವೇಲ್ಯಾಂಡ್‌ನಲ್ಲೇ ಕೆಲಸ ಮಾಡುತ್ತಿದ್ದುದು ಅವರಿಗೆ ತಿಳಿಯಿತು. ನೀವೂ ಅವರ ಸಾಲಿನಲ್ಲಿದ್ದು, ಯಾವ ತೊಂದರೆಯನ್ನೂ ಕಂಡಿಲ್ಲವಾದರೆ, ಮುಂದಿನದನ್ನು ಓದುವ ಅಗತ್ಯ ನಿಮಗೆ ಅಷ್ಟಾಗಿ ಇಲ್ಲ.

ಈ ಪರೀಕ್ಷೆಯನ್ನು ಈಗಲೇ ಮಾಡಿಕೊಳ್ಳಬೇಕು ಎನ್ನುವುದಕ್ಕೆ ಕಾರಣವಿದೆ. ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ 2008ರಲ್ಲಿ ಆರಂಭಿಸಿದ ವೇಲ್ಯಾಂಡ್ 2012ರಲ್ಲಿ 1.0 ಆವೃತ್ತಿ ತಲುಪಿತು. ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನ 25ನೇ ಆವೃತ್ತಿ ಅದನ್ನು 2016ರಲ್ಲೇ ಗ್ನೋಮ್‌ಗೆ ಪೂರ್ವನಿಯೋಜಿತ ಆಯ್ಕೆಯಾಗಿಸಿತು. ಉಬುಂಟು ಮಾತ್ರ ಒಂದು ಹೆಜ್ಜೆ ಮುಂದಿಟ್ಟು ಒಂದು ಹೆಜ್ಜೆ ಹಿಂದೆ ಬಂತು: 17.10ರಲ್ಲಿ ವೇಲ್ಯಾಂಡ್ ಕೊಟ್ಟು, 18.04ರಲ್ಲಿ ಎಕ್ಸ್‌ಗೆ ಮರಳಿ, 21.04ರಲ್ಲಿ ಮತ್ತೆ ವೇಲ್ಯಾಂಡ್‌ಗೆ ಬಂತು. ಇಷ್ಟು ವರ್ಷ ‘ಬೇಡವಾದರೆ ಎಕ್ಸ್ ಇದ್ದೇ ಇದೆ’ ಎನ್ನುವ ಸಮಾಧಾನವಿತ್ತು. ಈಗ ಆ ಹಿಂಬಾಗಿಲು ಮುಚ್ಚುತ್ತಿದೆ. 2025ರ ಮೇ ತಿಂಗಳಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ರಲ್ಲಿ ಎಕ್ಸ್‌ಆರ್ಗ್ ಸರ್ವರ್ ಇಲ್ಲ. ಅದೇ ವರ್ಷದ ಅಕ್ಟೋಬರಿನ ಉಬುಂಟು 25.10ರ ಗ್ನೋಮ್‌ನಲ್ಲಿ ಎಕ್ಸ್ ಸೆಷನ್ ಇಲ್ಲ. ಎರಡೂ ಸೆಷನ್‌ಗಳು ಒಂದೇ ಯಂತ್ರದಲ್ಲಿರುವ ಈ ಕಾಲದಲ್ಲೇ ಹೋಲಿಸಿ ನೋಡುವುದು ಸುಲಭ. ಅಪ್‌ಗ್ರೇಡ್ ಮುಗಿದ ಮೇಲೆ ನೋಡಲು ಹೋಲಿಕೆಗೆ ಏನೂ ಉಳಿದಿರುವುದಿಲ್ಲ.

ಆದ್ದರಿಂದ ‘ವೇಲ್ಯಾಂಡ್ ಸಿದ್ಧವಾಗಿದೆಯೇ’ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಒಂದು ಕಾಗದದ ಮೇಲೆ ನೀವು ಕಳೆದ ವಾರ ಗಣಕದಲ್ಲಿ ಮಾಡಿದ ಕೆಲಸಗಳನ್ನು ಬರೆದುಕೊಳ್ಳಿ. ಜಾಲ ನೋಡುವುದು, ಪತ್ರ ಬರೆಯುವುದು, ಹಾಡು ಕೇಳುವುದು ಇವನ್ನು ಬರೆಯಬೇಕಾಗಿಲ್ಲ; ಅವು ನಡೆಯುತ್ತವೆ. ಫೈರ್‌ಫಾಕ್ಸ್ 2023ರ ಡಿಸೆಂಬರಿನ 121ನೇ ಆವೃತ್ತಿಯಿಂದ ತಾನಾಗಿಯೇ ವೇಲ್ಯಾಂಡ್ ಬಳಸುತ್ತದೆ, ಲಿಬ್ರೆಆಫೀಸ್ ಕೂಡ ಅದರಲ್ಲಿ ಸರಾಗವಾಗಿ ನಡೆಯುತ್ತದೆ. ಬರೆಯಬೇಕಾದದ್ದು ವಿಶೇಷ ಕೆಲಸಗಳನ್ನು: ಮೀಟಿಂಗಿನಲ್ಲಿ ಪರದೆ ಹಂಚುವುದು, ಊರಿನಿಂದ ಕಚೇರಿಯ ಗಣಕಕ್ಕೆ ಪ್ರವೇಶಿಸುವುದು, ಒಂದು ಕೀಲಿ ಒತ್ತಿದರೆ ಹತ್ತು ಕೆಲಸ ಮಾಡುವ ಸ್ಕ್ರಿಪ್ಟ್, ಬಣ್ಣ ಹೊಂದಿಸಿದ ಮಾನಿಟರಿನಲ್ಲಿ ಮುದ್ರಣಕ್ಕೆ ಚಿತ್ರ ಸಿದ್ಧಪಡಿಸುವುದು, ಮತ್ತು ಕನ್ನಡದಲ್ಲಿ ಬೆರಳಚ್ಚು. ಈ ಪಟ್ಟಿಯೇ ನಿಮ್ಮ ಪರೀಕ್ಷೆಯ ಪ್ರಶ್ನೆಪತ್ರಿಕೆ.

ಕನ್ನಡ ಬೆರಳಚ್ಚಿನಿಂದಲೇ ಆರಂಭಿಸೋಣ, ಏಕೆಂದರೆ ನಮ್ಮವರಿಗೆ ನಿಜವಾಗಿ ತಲೆನೋವು ಬರುವುದು ಇಲ್ಲಿ. ಇಂಗ್ಲಿಷಿನಲ್ಲಷ್ಟೇ ಬೆರಳಚ್ಚಿಸುವವರಿಗೆ ಈ ತೊಂದರೆ ಇರುವುದೇ ಗೊತ್ತಾಗುವುದಿಲ್ಲ. ಲಿನಕ್ಸ್‌ನಲ್ಲಿ ಕನ್ನಡ ಮೂಡುವುದಕ್ಕೆ ಎರಡು ಬೇರೆ ಬೇರೆ ದಾರಿಗಳಿವೆ. ಒಂದು, ಎಕ್ಸ್‌ಕೆಬಿ ಎನ್ನುವ ಕೀಲಿಮಣೆ ವಿನ್ಯಾಸ. ಇದರಲ್ಲಿ ಈ ಕೀಲಿಗೆ ಈ ಅಕ್ಷರ ಎಂದು ನೇರ ನಂಟಿರುತ್ತದೆ. ಇನ್ನೊಂದು, ಐಬಸ್ ಅಥವಾ ಎಫ್‌ಸಿಐಟಿಎಕ್ಸ್ 5 ಎಂಬ ಮಧ್ಯವರ್ತಿ. ಇದು ನೀವು ಹಿಂದೆ ಏನು ಒತ್ತಿದಿರಿ ಎಂಬುದನ್ನು ನೆನಪಿಟ್ಟುಕೊಂಡು ಅದಕ್ಕೆ ತಕ್ಕ ಅಕ್ಷರ ಕೊಡುತ್ತದೆ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಮೊದಲ ದಾರಿಯೇ ಸಾಕು. ಅಲ್ಲಿ ಸ್ವರಚಿಹ್ನೆ ಒಂದು ಸ್ಥಾನದಲ್ಲಿ, ಸ್ವತಂತ್ರ ಸ್ವರ ಶಿಫ್ಟ್ ಒತ್ತಿದ ಸ್ಥಾನದಲ್ಲಿ ಇರುವುದರಿಂದ ಹಿಂದುಮುಂದಿನ ಸಂದರ್ಭ ನೋಡುವ ಅಗತ್ಯವೇ ಬೀಳುವುದಿಲ್ಲ. ಎಕ್ಸ್‌ಕೆಬಿ ವಿನ್ಯಾಸಗಳು ವೇಲ್ಯಾಂಡ್‌ನಲ್ಲೂ ಹಾಗೆಯೇ ನಡೆಯುತ್ತವೆ; ಆದ್ದರಿಂದ ಇನ್‌ಸ್ಕ್ರಿಪ್ಟ್‌ನವರು ನಿಶ್ಚಿಂತೆಯಿಂದ ಮುಂದಿನ ವಿಷಯಕ್ಕೆ ಹೋಗಬಹುದು.

ನುಡಿಯ ಕ.ಗ.ಪ. ವಿನ್ಯಾಸದಲ್ಲಿ ಕೈ ಪಳಗಿದವರ ಕಥೆ ಬೇರೆ. ಅಲ್ಲಿ ಒಂದೇ ಕೀಲಿ ಪದದ ಆರಂಭದಲ್ಲಿ ‘ಇ’ ಕೊಡುತ್ತದೆ, ವ್ಯಂಜನದ ಮುಂದೆ ಗುಡಿಸು ಕೊಡುತ್ತದೆ. ಎಕ್ಸ್‌ಕೆಬಿಯಲ್ಲಿಯೂ ಕ.ಗ.ಪ. ಹೆಸರಿನ ವಿನ್ಯಾಸವಿದೆ, ಆದರೆ ಅದಕ್ಕೆ ಹಿಂದಿನ ಅಕ್ಷರವನ್ನು ನೋಡುವ ಕಣ್ಣಿಲ್ಲ. ಹಾಗಾಗಿ ಸ್ವತಂತ್ರ ಸ್ವರ ಬೇಕಾದಾಗಲೆಲ್ಲ ಬಲಗಡೆಯ ಆಲ್ಟ್ ಕೀಲಿಯನ್ನು ಕೂಡಿಸಿ ಒತ್ತಬೇಕು. ಹತ್ತು ವರ್ಷದ ಅಭ್ಯಾಸವಿರುವ ಬೆರಳಿಗೆ ಇದು ಕಿರಿಕಿರಿ. ಅವರಿಗೆ ಮಧ್ಯವರ್ತಿಯೇ ಬೇಕು, ಮತ್ತು ವೇಲ್ಯಾಂಡ್‌ನಲ್ಲಿ ಆ ಮಧ್ಯವರ್ತಿ ಕಾಂಪೊಸಿಟರಿನ, ಅಂದರೆ ಎಲ್ಲ ವಿಂಡೋಗಳನ್ನು ಜೋಡಿಸಿ ಪರದೆಗೆ ತರುವ ತಂತ್ರಾಂಶದ, ಮೂಲಕವೇ ಮಾತಾಡಬೇಕು. ಗ್ನೋಮ್‌ನಲ್ಲಿ ಐಬಸ್ ಒಳಗೇ ಬೆಸೆದುಕೊಂಡಿದೆ. ಸೆಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ, ಎಕ್ಸ್‌ಕೆಬಿಯದನ್ನಲ್ಲ, ಐಬಸ್‌ನ ಕನ್ನಡ ವಿನ್ಯಾಸವನ್ನು ಸೇರಿಸಿದರೆ ಮುಗಿಯಿತು. ಪ್ಲಾಸ್ಮಾದಲ್ಲಿ ಮಾತ್ರ ಒಂದು ಹೆಜ್ಜೆ ಹೆಚ್ಚು: ಸಿಸ್ಟಮ್ ಸೆಟಿಂಗ್ಸ್‌ನ ‘ವರ್ಚುವಲ್ ಕೀಬೋರ್ಡ್’ ಎಂಬ ಪುಟಕ್ಕೆ ಹೋಗಿ ಅಲ್ಲಿ ಐಬಸ್ ಅಥವಾ ಎಫ್‌ಸಿಐಟಿಎಕ್ಸ್ 5 ಅನ್ನು ಆರಿಸಬೇಕು. ಪರದೆಯ ಮೇಲೆ ಮೂಡುವ ಕೀಲಿಮಣೆಗೂ ಕನ್ನಡ ಬೆರಳಚ್ಚಿಗೂ ಏನು ಸಂಬಂಧ ಎಂದು ಯಾರಿಗೂ ಅನ್ನಿಸುವುದು ಸಹಜ. ಹೆಸರಿಟ್ಟವರು ಬಳಕೆದಾರರನ್ನು ನೆನೆದಿರಲಿಲ್ಲ ಎಂದಷ್ಟೇ ಹೇಳಬಹುದು. ಹಳೆಯ ಮಾರ್ಗದರ್ಶಿಗಳನ್ನು ನೋಡಿ ಜಿಟಿಕೆ, ಕ್ಯೂಟಿಗಳಿಗೆಂದು (ತಂತ್ರಾಂಶಗಳ ಗುಂಡಿ, ಪೆಟ್ಟಿಗೆಗಳನ್ನು ಕಟ್ಟಲು ಬಳಸುವ ಸಲಕರಣೆಗಳು ಇವು) ಇನ್‌ಪುಟ್ ಮಾಡ್ಯೂಲಿನ ಸಾಲುಗಳನ್ನು ಪ್ರೊಫೈಲ್ ಕಡತದಲ್ಲಿ ಬರೆದಿಟ್ಟಿದ್ದರೆ, ವೇಲ್ಯಾಂಡ್ ಪರೀಕ್ಷೆಗೆ ಮೊದಲು ಅವನ್ನು ತೆಗೆದುಹಾಕಿ; ಅವು ಹೊಸ ದಾರಿಯನ್ನು ತಪ್ಪಿಸಿ ತಂತ್ರಾಂಶಗಳನ್ನು ಹಳೆಯ ದಾರಿಗೇ ಎಳೆಯುತ್ತವೆ.

ಪರೀಕ್ಷೆಗೆ ಒಂದು ಸಾಲನ್ನು ಸಿದ್ಧವಾಗಿಟ್ಟುಕೊಳ್ಳಿ. ನಾನು ಬಳಸುವುದು ‘ಈ ಜ್ಞಾನಿಯ ಬುದ್ಧಿ ಇಷ್ಟೇ, ರ‍್ಯಾಂಕ್ ಎಷ್ಟು?’ ಎನ್ನುವ ಅರ್ಥವಿಲ್ಲದ ವಾಕ್ಯ. ಇದರಲ್ಲಿ ಸ್ವತಂತ್ರ ಸ್ವರಗಳಿವೆ, ಒತ್ತಕ್ಷರಗಳಿವೆ, ‘ರ‍್ಯಾ’ ಎಂಬಲ್ಲಿ ಅರ್ಕಾವೊತ್ತಾಗಿ ಬದಲಾಗದಂತೆ ನಡುವೆ ಕಾಣದ ಜೋಡಕವೂ ಇದೆ. ಈ ಸಾಲನ್ನು ನೀವು ದಿನವೂ ಬಳಸುವ ಪ್ರತಿಯೊಂದು ತಂತ್ರಾಂಶದಲ್ಲಿ, ಬ್ರೌಸರಿನ ವಿಳಾಸಪಟ್ಟಿ, ಚಾಟಿನ ಪೆಟ್ಟಿಗೆ, ಟರ್ಮಿನಲ್, ಕಡತದ ಹೆಸರು ಬದಲಿಸುವ ಜಾಗ ಇವೂ ಸೇರಿದಂತೆ, ಕೈಯಾರೆ ಬೆರಳಚ್ಚಿಸಿ ನೋಡಬೇಕು. ನಕಲು ಮಾಡಿ ಅಂಟಿಸಿದರೆ ಪರೀಕ್ಷೆಯಾಗುವುದಿಲ್ಲ. ಸಾಮಾನ್ಯವಾಗಿ ಸೋಲುವುದು ಎಲೆಕ್ಟ್ರಾನ್ ಆಧಾರಿತ ತಂತ್ರಾಂಶಗಳು, ಅಂದರೆ ಒಳಗೆ ಕ್ರೋಮಿಯಂ ಬ್ರೌಸರನ್ನೇ ಹೊತ್ತುಕೊಂಡು ಬರುವ ಚಾಟ್ ಮತ್ತು ಸಂಪಾದಕ ತಂತ್ರಾಂಶಗಳು, ಅದರಲ್ಲೂ ಹಳೆಯ ಆವೃತ್ತಿಗಳು. ಅಲ್ಲಿ ಭಾಷೆ ಬದಲಿಸಿದರೂ ಇಂಗ್ಲಿಷ್ ಅಕ್ಷರವೇ ಬೀಳುತ್ತಿದ್ದರೆ ಮೊದಲು ಆವೃತ್ತಿಯನ್ನು ಹೊಸದಾಗಿಸಿ. ಆಗಲೂ ಸರಿಹೋಗದಿದ್ದರೆ ಅದೇ ಸೇವೆಯನ್ನು ಬ್ರೌಸರಿನೊಳಗೆ ತೆರೆಯುವುದು ಎಲ್ಲಕ್ಕಿಂತ ಕಡಿಮೆ ಶ್ರಮದ ಪರಿಹಾರ. ಅಕ್ಷರ ಸರಿಯಾಗಿ ಬಿದ್ದು ಒತ್ತು ಮಾತ್ರ ತಪ್ಪು ಜಾಗದಲ್ಲಿ ಕೂತರೆ ಅದು ಫಾಂಟಿನ ದೋಷ ಅಥವಾ ಅಕ್ಷರ ಜೋಡಿಸುವ ತಂತ್ರಾಂಶದ ದೋಷ. ಅದಕ್ಕಾಗಿ ವೇಲ್ಯಾಂಡನ್ನು ದೂರಬೇಕಾಗಿಲ್ಲ.

ಇಲ್ಲಿ ಎಕ್ಸ್‌ವೇಲ್ಯಾಂಡ್ ಎಂಬುದರ ಪರಿಚಯ ಬೇಕಾಗುತ್ತದೆ. ವೇಲ್ಯಾಂಡ್ ಭಾಷೆ ಬಾರದ ಹಳೆಯ ತಂತ್ರಾಂಶಗಳಿಗಾಗಿ ವೇಲ್ಯಾಂಡ್ ಸೆಷನ್ನಿನೊಳಗೆ ಒಂದು ಪುಟ್ಟ ಎಕ್ಸ್ ಸರ್ವರ್ ಸದ್ದಿಲ್ಲದೆ ನಡೆಯುತ್ತಿರುತ್ತದೆ, ಅದೇ ಎಕ್ಸ್‌ವೇಲ್ಯಾಂಡ್. ಒಂದು ತಂತ್ರಾಂಶ ನೇರವಾಗಿ ವೇಲ್ಯಾಂಡ್‌ನಲ್ಲಿದೆಯೋ ಈ ದುಭಾಷಿಯ ಮೂಲಕ ಬಂದಿದೆಯೋ ಎಂದು ತಿಳಿಯಲು ಒಂದು ಹಳೆಯ ಆಟಿಕೆ ನೆರವಾಗುತ್ತದೆ. ಮೌಸಿನ ತುದಿಯತ್ತ ಎರಡು ಕಣ್ಣುಗುಡ್ಡೆ ತಿರುಗಿಸುತ್ತ ಕೂರುವ ‘ಎಕ್ಸ್-ಐಸ್’ ಅನ್ನು ತೆರೆದಿಡಿ. ಮೌಸನ್ನು ನಿಮ್ಮ ತಂತ್ರಾಂಶದ ವಿಂಡೋ ಮೇಲೆ ಆಡಿಸಿ. ಕಣ್ಣುಗಳು ಹಿಂಬಾಲಿಸಿದರೆ ಅದು ಎಕ್ಸ್‌ವೇಲ್ಯಾಂಡ್ ಮೂಲಕ ನಡೆಯುತ್ತಿದೆ; ಕಣ್ಣುಗಳು ಇದ್ದಲ್ಲೇ ನಿಂತರೆ ಅದು ನೇರ ವೇಲ್ಯಾಂಡ್ ತಂತ್ರಾಂಶ. ಆ ನಿಂತ ಕಣ್ಣಿನಲ್ಲಿ ವೇಲ್ಯಾಂಡ್‌ನ ಮೂಲತತ್ತ್ವವೇ ಇದೆ. ಎಕ್ಸ್‌ನಲ್ಲಿ ಯಾವ ತಂತ್ರಾಂಶ ಬೇಕಾದರೂ ಇನ್ನೊಂದರ ವಿಂಡೋವನ್ನು ನೋಡಬಹುದಿತ್ತು, ಅದರೊಳಗೆ ನೀವು ಒತ್ತುವ ಪಾಸ್‌ವರ್ಡನ್ನೂ ಕದ್ದು ಕೇಳಬಹುದಿತ್ತು. ವೇಲ್ಯಾಂಡ್ ಪ್ರತಿಯೊಂದು ತಂತ್ರಾಂಶವನ್ನೂ ಅದರದೇ ಕೋಣೆಯಲ್ಲಿ ಕೂರಿಸುತ್ತದೆ. ಮುಂದೆ ಹೇಳುವ ತೊಂದರೆಗಳಲ್ಲಿ ಹೆಚ್ಚಿನವು ಈ ಒಂದು ನಿರ್ಧಾರದಿಂದ ಹುಟ್ಟಿದವು.

ಎಕ್ಸ್‌ವೇಲ್ಯಾಂಡ್ ತಂತ್ರಾಂಶಗಳಲ್ಲಿ ನೋಡಬೇಕಾದ ಇನ್ನೊಂದು ಸಂಗತಿ ಅಕ್ಷರದ ಸ್ಪಷ್ಟತೆ. ಪರದೆಯ ಅಳತೆಯನ್ನು 125 ಅಥವಾ 150 ಪ್ರತಿಶತಕ್ಕೆ ಏರಿಸಿದಾಗ ನೇರ ವೇಲ್ಯಾಂಡ್ ತಂತ್ರಾಂಶಗಳು ಚೊಕ್ಕಟವಾಗಿ ಕಾಣುತ್ತವೆ, ದುಭಾಷಿಯ ಮೂಲಕ ಬಂದವು ಕೆಲವು ಕಡೆ ಮಂಜಾಗುತ್ತವೆ. ಇಂಗ್ಲಿಷ್ ಓದುವವರಿಗೆ ಇದು ಸೌಂದರ್ಯದ ಪ್ರಶ್ನೆ. ಕನ್ನಡದ ಕರಡು ತಿದ್ದುವವರಿಗೆ ಅದು ಕೆಲಸದ ಪ್ರಶ್ನೆ: ‘ಬುದ್ದ’ ಮತ್ತು ‘ಬುದ್ಧ’ದ ನಡುವಿನ ವ್ಯತ್ಯಾಸವೆಂದರೆ ಒತ್ತಿನ ಹೊಟ್ಟೆಯ ಕೆಳಗಿರುವ ಒಂದು ಸಣ್ಣ ಸೀಳು, ಮತ್ತು ಮಂಜಾದ ಪರದೆಯಲ್ಲಿ ಮೊದಲು ಮಾಯವಾಗುವುದು ಅದೇ. ಪ್ಲಾಸ್ಮಾದಲ್ಲಿ ಹಳೆಯ ತಂತ್ರಾಂಶಗಳು ತಮ್ಮ ಅಳತೆಯನ್ನು ತಾವೇ ನೋಡಿಕೊಳ್ಳಲಿ ಎನ್ನುವ ಆಯ್ಕೆ ಡಿಸ್‌ಪ್ಲೇ ಸೆಟಿಂಗ್ಸ್‌ನಲ್ಲಿದೆ. ಅದನ್ನು ಆರಿಸಿದರೆ ಬಹುಪಾಲು ಮಂಜು ಹೋಗುತ್ತದೆ. ಬೇರೆ ಬೇರೆ ಅಳತೆಯ ಎರಡು ಮಾನಿಟರುಗಳನ್ನು ಜೋಡಿಸಿಕೊಂಡವರಿಗೆ ಮಾತ್ರ ವೇಲ್ಯಾಂಡ್ ನೇರ ಲಾಭ. ಲ್ಯಾಪ್‌ಟಾಪಿಗೆ ಒಂದು ಅಳತೆ, ಮೇಜಿನ ಮಾನಿಟರಿಗೆ ಇನ್ನೊಂದು ಎಂದು ಎಕ್ಸ್‌ನಲ್ಲಿ ಹೊಂದಿಸುವುದು ಎಂದೂ ಸಮಾಧಾನಕರವಾಗಿರಲಿಲ್ಲ.

ಪರದೆ ಹಂಚಿಕೆಯನ್ನು ನಿಜವಾದ ಮೀಟಿಂಗಿಗೆ ಮೊದಲೇ ಪರೀಕ್ಷಿಸಿ. ನಾನು ಹಾಗೆ ಮಾಡದೆ ಒಮ್ಮೆ ಹನ್ನೆರಡು ಜನರ ಎದುರು ಐದು ನಿಮಿಷ ಕಪ್ಪು ಆಯತವೊಂದನ್ನು ತೋರಿಸುತ್ತ, ಅದರಲ್ಲಿರುವ ಅಂಕಿಗಳನ್ನು ವಿವರಿಸಿದ್ದೇನೆ. ಯಾರೋ ಒಬ್ಬರು ಸಂಕೋಚದಿಂದ ‘ಸರ್, ಏನೂ ಕಾಣ್ತಿಲ್ಲ’ ಎಂದಾಗಲೇ ನನಗೆ ತಿಳಿದದ್ದು. ಆ ಮೀಟಿಂಗಿನ ತಂತ್ರಾಂಶ ಹಳೆಯ ಆವೃತ್ತಿಯದು, ಎಕ್ಸ್ ರೀತಿಯಲ್ಲಿ ಪರದೆಯನ್ನು ನೇರವಾಗಿ ಓದಲು ಹೋಗಿತ್ತು. ವೇಲ್ಯಾಂಡ್‌ನಲ್ಲಿ ಪರದೆಯ ಚಿತ್ರ ಪೈಪ್‌ವೈರ್ ಎಂಬ ಸೇವೆಯ ಮೂಲಕ ಹರಿಯಬೇಕು, ಮತ್ತು ಅದಕ್ಕೆ ಮುನ್ನ ‘ಯಾವ ಪರದೆ, ಯಾವ ವಿಂಡೋ ತೋರಿಸಲಿ’ ಎಂದು ಪೋರ್ಟಲ್, ಅಂದರೆ ತಂತ್ರಾಂಶಗಳ ಪರವಾಗಿ ಅನುಮತಿ ಕೇಳುವ ವ್ಯವಸ್ಥೆಯ ಭಾಗ, ನಿಮ್ಮನ್ನು ಕೇಳಬೇಕು. ಫೈರ್‌ಫಾಕ್ಸ್ ಮತ್ತು ಕ್ರೋಮ್ ಎರಡರಲ್ಲೂ ಇದು ಈಗ ಸರಿಯಾಗಿ ನಡೆಯುತ್ತದೆ; ಕೆಲವೊಮ್ಮೆ ಬ್ರೌಸರ್ ಒಮ್ಮೆ, ವ್ಯವಸ್ಥೆ ಇನ್ನೊಮ್ಮೆ ಹೀಗೆ ಎರಡು ಸಲ ಕೇಳುವುದುಂಟು, ಅದನ್ನು ದೋಷವೆಂದು ತಿಳಿಯಬೇಡಿ. ಸ್ನೇಹಿತರೊಬ್ಬರಿಗೆ ಕರೆ ಮಾಡಿ ಇಡೀ ಪರದೆಯನ್ನು ಒಮ್ಮೆ, ಒಂದೇ ವಿಂಡೋವನ್ನು ಒಮ್ಮೆ ಹಂಚಿ, ಆ ಕಡೆ ಕಾಣುತ್ತಿರುವುದೇನೆಂದು ಅವರಿಂದಲೇ ಕೇಳಿ ತಿಳಿಯಿರಿ. ಪ್ರತ್ಯೇಕ ತಂತ್ರಾಂಶ ಕಪ್ಪು ತೋರಿಸಿದರೆ ಮೀಟಿಂಗನ್ನು ಬ್ರೌಸರಿನಲ್ಲಿ ಸೇರಿಕೊಳ್ಳಿ. ಪಾಠ ರೆಕಾರ್ಡ್ ಮಾಡುವವರು ಬಳಸುವ ಒಬಿಎಸ್ ಸ್ಟುಡಿಯೋ 2021ರ 27ನೇ ಆವೃತ್ತಿಯಿಂದಲೇ ಪೈಪ್‌ವೈರ್ ಬಲ್ಲದು.

ದೂರದಿಂದ ಪ್ರವೇಶಿಸುವ ಕೆಲಸದಲ್ಲಿ ನನ್ನ ಸಲಹೆ ಸ್ವಲ್ಪ ಬಿಗಿಯಾಗಿದೆ. ಎದುರಿಗೆ ಯಾರಾದರೂ ಕುಳಿತಿದ್ದು ‘ಸರಿ’ ಎಂದು ಒತ್ತಬಲ್ಲ ಗಣಕವಾದರೆ ತೊಂದರೆಯಿಲ್ಲ. ಯಾರೂ ಇಲ್ಲದ ಕೋಣೆಯಲ್ಲಿ, ರಾತ್ರಿ ವಿದ್ಯುತ್ ಹೋಗಿ ಬಂದು ತಾನಾಗಿ ಮತ್ತೆ ಚಾಲೂ ಆಗಿರುವ ಗಣಕಕ್ಕೆ ಊರಿನಿಂದ ಪ್ರವೇಶಿಸಬೇಕಾದರೆ, ಅನುಮತಿ ಕೇಳುವ ಪೆಟ್ಟಿಗೆ ಯಾರೂ ಒತ್ತದೆ ಅಲ್ಲೇ ಕಾಯುತ್ತಿರುತ್ತದೆ. 2024ರ ಗ್ನೋಮ್ 46ರಿಂದ ಲಾಗಿನ್ ಆಗದ ಯಂತ್ರಕ್ಕೂ ಆರ್‌ಡಿಪಿ ಎಂಬ ದೂರಪ್ರವೇಶದ ವಿಧಾನದ ಮೂಲಕ ದೂರದಿಂದಲೇ ಲಾಗಿನ್ ಆಗುವ ಸೌಲಭ್ಯ ಬಂದಿದೆ. ಸೆಟಿಂಗ್ಸ್‌ನ ರಿಮೋಟ್ ಡೆಸ್ಕ್‌ಟಾಪ್ ಪುಟದಲ್ಲಿ ‘ರಿಮೋಟ್ ಲಾಗಿನ್’ ಎಂಬುದು ಅದೇ. ಅದನ್ನು ಹೊಂದಿಸಿ, ಗಣಕವನ್ನು ಬೇಕೆಂದೇ ರೀಸ್ಟಾರ್ಟ್ ಮಾಡಿ, ಪಕ್ಕದ ಕೋಣೆಯಿಂದ ಪ್ರವೇಶಿಸಿ ನೋಡಿ. ಪಕ್ಕದ ಕೋಣೆಯಿಂದ ಆಗದ್ದು ಇನ್ನೂರು ಮೈಲಿ ಆಚೆಯಿಂದ ಆಗುವುದಿಲ್ಲ.

ಒಂದು ತಂತ್ರಾಂಶದ ಪರವಾಗಿ ಇನ್ನೊಂದು ಕೀಲಿ ಒತ್ತುವ ಸ್ಕ್ರಿಪ್ಟುಗಳು, ಅಂದರೆ ಎಕ್ಸ್-ಡೂ-ಟೂಲ್ ಬಳಸಿ ಅರ್ಜಿ ತುಂಬಿಸುವುದು, ಪಾಸ್‌ವರ್ಡ್ ತಾನಾಗಿ ಬೆರಳಚ್ಚಿಸುವುದು, ವಿಂಡೋಗಳನ್ನು ನಿಗದಿತ ಜಾಗದಲ್ಲಿ ಕೂರಿಸುವುದು ಇವು ವೇಲ್ಯಾಂಡ್‌ನಲ್ಲಿ ಹಾಗೆಯೇ ನಡೆಯುವುದಿಲ್ಲ. ಕೋಣೆಯ ಗೋಡೆ ಅದಕ್ಕಾಗಿಯೇ ಇರುವುದು. ವೈ-ಡೂ-ಟೂಲ್ ಎಂಬ ಬದಲಿ ಕರ್ನೆಲ್ ಮಟ್ಟದಲ್ಲಿ ಸುಳ್ಳು ಕೀಲಿಮಣೆಯೊಂದನ್ನು ಸೃಷ್ಟಿಸಿ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ವಿಶೇಷ ಅನುಮತಿ ಬೇಕು, ಮತ್ತು ಯಾವ ವಿಂಡೋ ಎದುರಿಗಿದೆ ಎಂಬುದು ಅದಕ್ಕೆ ತಿಳಿಯದು. ದಿನಕ್ಕೆ ನೂರು ದಾಖಲೆಗಳನ್ನು ಇಂಥ ಸ್ಕ್ರಿಪ್ಟಿನಿಂದ ನಡೆಸುವವರು ಸ್ಕ್ರಿಪ್ಟನ್ನು ಹೊಸದಾಗಿ ಬರೆಯುವವರೆಗೆ ಎಕ್ಸ್‌ನಲ್ಲೇ ಇರುವುದು ಒಳ್ಳೆಯದು.

ಬಣ್ಣದ ವಿಷಯದಲ್ಲೂ ಆತುರ ಬೇಡ. ಬಣ್ಣ ನಿರ್ವಹಣೆಯ ಒಡಂಬಡಿಕೆ ವೇಲ್ಯಾಂಡ್‌ನ ಸಾಮಾನ್ಯ ನಿಯಮಾವಳಿಗೆ ಸೇರಿದ್ದೇ 2025ರ ಫೆಬ್ರವರಿಯಲ್ಲಿ. ತಂತ್ರಾಂಶಗಳು ಅದನ್ನು ಇನ್ನೂ ಒಂದೊಂದಾಗಿ ಅಳವಡಿಸಿಕೊಳ್ಳುತ್ತಿವೆ.

ಗ್ರಾಫಿಕ್ಸ್ ಕಾರ್ಡಿನ ಪ್ರಶ್ನೆ ಮೊದಲಿನಷ್ಟು ಭಯಂಕರವಲ್ಲ. ಇಂಟೆಲ್ ಮತ್ತು ಎಎಂಡಿ ಇದ್ದವರು ಯೋಚಿಸಬೇಕಾಗಿಲ್ಲ. ಎನ್ವಿಡಿಯಾದವರು ಡ್ರೈವರಿನ ಸಂಖ್ಯೆ ನೋಡಬೇಕು. ವೇಲ್ಯಾಂಡ್ ಕಾಂಪೊಸಿಟರುಗಳೆಲ್ಲ ಬಳಸುವ ಜಿಬಿಎಂ ಎಂಬ ವಿಧಾನಕ್ಕೆ ಎನ್ವಿಡಿಯಾದ ಬೆಂಬಲ ಬಂದದ್ದು 2021ರ 495 ಸರಣಿಯಲ್ಲಿ. ಅದಾದ ಮೇಲೂ ವಿಂಡೋಗಳು ಮಿನುಗುವುದು, ಹಳೆಯ ಚಿತ್ರ ಒಂದು ಕ್ಷಣ ಮರಳಿ ತೋರುವುದು ಉಳಿದಿತ್ತು. ಚಿತ್ರ ಬಿಡಿಸಿ ಮುಗಿಯಿತೇ ಎಂದು ಕಾಂಪೊಸಿಟರಿಗೆ ಸ್ಪಷ್ಟವಾಗಿ ತಿಳಿಸುವ ವ್ಯವಸ್ಥೆ 2024ರ 555 ಸರಣಿಯಲ್ಲಿ ಬಂದ ಮೇಲೆ ಆ ಮಿನುಗು ನಿಂತಿತು. ಆದ್ದರಿಂದ 555 ಅಥವಾ ಅದಕ್ಕೂ ಹೊಸದು ಇದ್ದರೆ ಪರೀಕ್ಷಿಸಿ. 470ರಲ್ಲೇ ನಿಂತುಹೋದ ಕಾರ್ಡಾದರೆ, ಉದಾಹರಣೆಗೆ ನಮ್ಮ ಕಡೆಯ ಅಸೆಂಬಲ್ಡ್ ಗಣಕಗಳಲ್ಲಿ ಸಿಗುವ ಜಿಟಿ 710 ಆದರೆ, ಎಕ್ಸ್‌ನಲ್ಲೇ ಇರಿ. ಅಥವಾ ಕಾರ್ಡನ್ನು ಕಳಚಿ, ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಮದರ್‌ಬೋರ್ಡಿನ ಪೋರ್ಟಿಗೆ ಮಾನಿಟರ್ ಜೋಡಿಸಿ. ಕಚೇರಿ ಕೆಲಸಕ್ಕೆ ಅದೇ ಹೆಚ್ಚು ನೆಮ್ಮದಿ.

ಕುಸಿತದ ವಿಷಯವನ್ನು ಮಾರ್ಗದರ್ಶಿಗಳಲ್ಲಿ ಯಾರೂ ಹೇಳುವುದಿಲ್ಲ. ಎಕ್ಸ್‌ನಲ್ಲಿ ಗ್ನೋಮ್ ಶೆಲ್ (ಗ್ನೋಮ್‌ನ ಪಟ್ಟಿಗಳನ್ನೂ ವಿಂಡೋಗಳನ್ನೂ ನಡೆಸುವ ಮುಖ್ಯ ತಂತ್ರಾಂಶ) ಹೆಪ್ಪುಗಟ್ಟಿದರೆ ಆಲ್ಟ್ ಮತ್ತು ಎಫ್2 ಒತ್ತಿ, ‘ಆರ್’ ಎಂಬ ಒಂದೇ ಅಕ್ಷರ ಬರೆದು ಎಂಟರ್ ಒತ್ತಿದರೆ ಶೆಲ್ ಮಾತ್ರ ಮರುಹುಟ್ಟು ಪಡೆಯುತ್ತಿತ್ತು, ನಿಮ್ಮ ಕಡತಗಳು ತೆರೆದಂತೆಯೇ ಇರುತ್ತಿದ್ದವು. ವೇಲ್ಯಾಂಡ್‌ನಲ್ಲಿ ಶೆಲ್ಲೇ ಪರದೆಯ ಒಡೆಯ; ಅದು ಬಿದ್ದರೆ ತೆರೆದ ತಂತ್ರಾಂಶಗಳೆಲ್ಲ ಅದರೊಂದಿಗೆ ಬೀಳುತ್ತವೆ. ಪ್ಲಾಸ್ಮಾ 6ರಲ್ಲಿ ಕಾಂಪೊಸಿಟರ್ ಬಿದ್ದೆದ್ದರೂ ಹೊಸ ಕ್ಯೂಟಿ ತಂತ್ರಾಂಶಗಳು ಬದುಕುಳಿಯುವಂತೆ ಮಾಡಿದ್ದಾರೆ, ಗ್ನೋಮ್‌ನಲ್ಲಿ ಆ ಅನುಕೂಲವಿಲ್ಲ. ಗ್ನೋಮ್‌ನ ಎಕ್ಸ್‌ಟೆನ್ಶನ್‌ಗಳು ಶೆಲ್ಲಿನ ಒಳಗೇ ಓಡುವುದರಿಂದ, ಗಡಿಯಾರದ ಪಕ್ಕ ಹವಾಮಾನ ತೋರಿಸುವ ಒಂದು ಪುಟ್ಟ ಎಕ್ಸ್‌ಟೆನ್ಶನ್ ಕೂಡ ಅರ್ಧ ದಿನದ ಅನುವಾದವನ್ನು ಕೊಂಡೊಯ್ಯಬಲ್ಲದು. ಪರೀಕ್ಷೆಯ ವಾರದಲ್ಲಿ ಎಲ್ಲ ಎಕ್ಸ್‌ಟೆನ್ಶನ್‌ಗಳನ್ನೂ ನಿಲ್ಲಿಸಿ, ನಂತರ ಬೇಕಾದ ಒಂದೆರಡನ್ನು ಮಾತ್ರ ಒಂದೊಂದಾಗಿ ಮರಳಿ ಸೇರಿಸಿ. ಲಿಬ್ರೆಆಫೀಸ್‌ನಲ್ಲಿ ತಾನಾಗಿ ಉಳಿಸಿಕೊಳ್ಳುವ ಅವಧಿಯನ್ನು ಐದು ನಿಮಿಷಕ್ಕೆ ಇಳಿಸಿ.

ದೃಷ್ಟಿದೋಷವುಳ್ಳವರು ಬಳಸುವ ಗಣಕವನ್ನು ಅವರನ್ನು ಕೇಳದೆ ಬದಲಿಸಬಾರದು. ಓರ್ಕಾ ಪರದೆವಾಚಕ ವೇಲ್ಯಾಂಡ್‌ನಲ್ಲೂ ನಡೆಯುತ್ತದೆಯಾದರೂ, ಅವರು ನೆಚ್ಚಿಕೊಂಡ ಕೀಲಿಜೋಡಿಗಳೆಲ್ಲ ಅದೇ ರೀತಿ ಸ್ಪಂದಿಸುತ್ತವೆಯೇ ಎಂಬುದನ್ನು ಅವರೇ ಕೂತು ನೋಡಿ ಹೇಳಬೇಕು.

ಪರೀಕ್ಷೆಯ ಅವಧಿ ಒಂದು ಪೂರ್ಣ ವಾರವಿರಲಿ, ಮತ್ತು ಅದು ಕೆಲಸದ ವಾರವೇ ಆಗಿರಲಿ. ಭಾನುವಾರ ಮಧ್ಯಾಹ್ನ ಅರ್ಧ ಗಂಟೆ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಬೆಳಿಗ್ಗೆ ಹಲ್ಲುಚಕ್ರದಲ್ಲಿ ವೇಲ್ಯಾಂಡ್ ಆರಿಸಿ ಲಾಗಿನ್ ಆಗಿ. ತೊಡಕು ಬಂದಾಗ ತಕ್ಷಣ ಎಕ್ಸ್‌ಗೆ ಓಡದೆ, ಯಾವ ತಂತ್ರಾಂಶ, ಏನು ಮಾಡುವಾಗ, ಎಕ್ಸ್-ಐಸ್‌ನ ಕಣ್ಣು ತಿರುಗಿತೇ ಇಲ್ಲವೇ ಎಂದು ಆ ಕಾಗದದ ಮೇಲೆ ಬರೆಯಿರಿ. ಅನಂತರ ಅದೇ ಕೆಲಸವನ್ನು ಎಕ್ಸ್ ಸೆಷನ್ನಿನಲ್ಲಿ ಮಾಡಿ ನೋಡಿ. ಅಲ್ಲೂ ಅದೇ ತೊಡಕಿದ್ದರೆ ಕಾರಣ ಬೇರೆ. ನಮ್ಮಲ್ಲಿ ಬರೆದ ಒಂಬತ್ತು ದೂರುಗಳಲ್ಲಿ ನಾಲ್ಕು ಹೀಗೆ ಹೊಡೆದುಹೋದವು. ಒಂದಂತೂ ಸಡಿಲವಾದ ಎಚ್‌ಡಿಎಂಐ ಕೇಬಲ್ಲಿನದು.

ಉಳಿದ ಐದರಲ್ಲಿ ಮೂರು ಹೊಸ ಆವೃತ್ತಿಗಳಿಂದ, ಒಂದು ಬ್ರೌಸರಿಗೆ ಬದಲಾದದ್ದರಿಂದ ಸರಿಹೋಯಿತು. ಕಚೇರಿಯ ಏಳು ಗಣಕಗಳಲ್ಲಿ ಆರು ಈಗ ವೇಲ್ಯಾಂಡ್‌ನಲ್ಲಿವೆ. ಏಳನೆಯದು ಜಿಟಿ 710 ಕಾರ್ಡಿನದು, ಅದರ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲ. ಅದರಲ್ಲಿ ಉಬುಂಟು 24.04 ಇದೆ, ಆ ಆವೃತ್ತಿಗೆ 2029ರವರೆಗೆ ಭದ್ರತಾ ಪರಿಷ್ಕರಣೆಗಳು ಬರುತ್ತವೆ, ಮತ್ತು ಅದರ ಹಲ್ಲುಚಕ್ರವನ್ನು ಯಾರೂ ಮುಟ್ಟಬಾರದೆಂದು ಮಾನಿಟರಿನ ಅಂಚಿಗೆ ಒಂದು ಚೀಟಿ ಅಂಟಿಸಿದ್ದೇವೆ.